ದಡದ ಮೇಲೆ ಕೂರುವವರ ಪರವಾಗಿ

ಬೀಚಿಗೆ ಹೋಗಿ ನೀರಿಗಿಳಿಯದೆ ಬಂದವರನ್ನು ಜನ ಒಂಥರಾ ಕನಿಕರದಿಂದ ನೋಡುತ್ತಾರೆ. "ಅಷ್ಟು ದೂರ ಹೋಗಿ ಸುಮ್ನೆ ಕೂತು ಬಂದ್ರಾ?" ಅಂತ ಕೇಳುತ್ತಾರೆ. ಹೌದು, ಕೂತೇ ಬಂದೆವು. ಕೂರುವುದು ಏನು ಸುಲಭದ ಕೆಲಸವೇ? ಮರಳು ಒಣಗಿರಬೇಕು, ಬಿಸಿಲು ಬೆನ್ನಿಗಿರಬೇಕು, ತಿನ್ನಲು ಕೈಗೆಟಕುವಲ್ಲಿ ಏನಾದರೂ ಇರಬೇಕು, ಪಕ್ಕದವರು ಹಾಡು ಹಾಕಬಾರದು. ಇಷ್ಟೆಲ್ಲ ಕೂಡಿಬರುವುದು ಅಪರೂಪ.

ನನ್ನಂಥವರ ಪರವಾಗಿ ನಿಲ್ಲುವ ಒಂದು ಜಾಗ ಇದೆ. ಹವಾಯಿಯ ಒವಾಹು ದ್ವೀಪದ ಉತ್ತರದ ದಡ. ಡಿಸೆಂಬರ್, ಜನವರಿಯಲ್ಲಿ ಹೋದರೆ ಅಲ್ಲಿ ನೀರಿಗಿಳಿಯದವರನ್ನು ಯಾರೂ ಹೇಡಿ ಅನ್ನುವುದಿಲ್ಲ. ಇಳಿಯಲು ಹೊರಟವರನ್ನೇ ಲೈಫ್‌ಗಾರ್ಡ್ ಮೈಕಿನಲ್ಲಿ ಕೂಗಿ ವಾಪಸ್ ಕರೆಯುತ್ತಾರೆ.

ನಾನು ಕುಂದಾಪುರದ ಕಡೆಯವಳು. ಯಜಮಾನರು ತುಮಕೂರಿನವರು. ಇವರಿಗೆ ಕೆರೆ ಗೊತ್ತು, ಕಟ್ಟೆ ಗೊತ್ತು, ಸಮುದ್ರ ಗೊತ್ತಾಗಿದ್ದು ಮದುವೆಯಾದ ಮೇಲೆ. ಈಗ ಇಬ್ಬರೂ ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಅಲ್ಲಿಂದ ಹವಾಯಿಗೆ ಐದಾರು ಗಂಟೆಯ ವಿಮಾನ. ಹೊನೊಲುಲು ಮತ್ತು ವೈಕಿಕಿ ದ್ವೀಪದ ದಕ್ಷಿಣಕ್ಕಿವೆ. ಹೋಟೆಲು, ಅಂಗಡಿ, ಛತ್ರಿ, ಗಲಾಟೆ ಎಲ್ಲ ಆ ಕಡೆ. ಉತ್ತರಕ್ಕೆ ಕಾರಿನಲ್ಲಿ ಒಂದು ಗಂಟೆ ದಾರಿ. ಮಧ್ಯದಲ್ಲಿ ಅನಾನಸ್ ಬೆಳೆಯುವ ಕೆಂಪು ಮಣ್ಣಿನ ಬಯಲು ಸಿಗುತ್ತದೆ. ಅದು ಮುಗಿದು ರಸ್ತೆ ಇಳಿಯಲು ಶುರುವಾದಾಗ ಮುಂದೆ ಉದ್ದಕ್ಕೂ ಸಮುದ್ರ. ಅಲ್ಲಿನವರು ಈ ಕಡೆಯನ್ನು ಈಗಲೂ 'ಕಂಟ್ರಿ' ಅಂತಲೇ ಕರೆಯುತ್ತಾರೆ. ದೊಡ್ಡ ಹೋಟೆಲು ಬೇಡ, ಇದು ಹಳ್ಳಿಯಾಗೇ ಇರಲಿ ಎಂಬ ಸ್ಟಿಕ್ಕರ್ ಅಂಟಿಸಿಕೊಂಡ ಕಾರುಗಳೂ ಕಾಣುತ್ತವೆ. ಸ್ಟಿಕ್ಕರ್ ಅಂಟಿಸಿದವರ ಕಷ್ಟ ಏನೆಂದು ಆಮೇಲೆ ನಮ್ಮಂಥವರ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಗೊತ್ತಾಗುತ್ತದೆ.

ಹಾಲೆಇವಾ ಎಂಬ ಪುಟ್ಟ ಊರಿನಿಂದ ಸನ್‌ಸೆಟ್ ಬೀಚ್‌ವರೆಗೆ ಸುಮಾರು ಏಳು ಮೈಲಿ. ಅಷ್ಟರಲ್ಲೇ ಲನಿಯಾಕೇಯ, ವೈಮೇಯ ಕೊಲ್ಲಿ, ಶಾರ್ಕ್ಸ್ ಕೋವ್, ಪೈಪ್‌ಲೈನ್, ಹೀಗೆ ಒಂದರ ಪಕ್ಕ ಒಂದು. ಎಲ್ಲದಕ್ಕೂ ಸೇರಿ ಇರುವುದು ಕಮೇಹಮೇಹ ಹೆದ್ದಾರಿ ಒಂದೇ. ಹೆಸರಿಗೆ ರಾಜನ ಹೆದ್ದಾರಿ, ನೋಡಿದರೆ ಹೋಗಲೊಂದು ಬರಲೊಂದು ಲೇನ್. ದಡದುದ್ದಕ್ಕೂ ಶ್ರೀಮಂತರ ಮನೆಗಳಿದ್ದರೂ ಬೀಚು ಮಾತ್ರ ಎಲ್ಲರದು. ಹವಾಯಿಯ ಕಾನೂನೇ ಹಾಗೆ. ಎರಡು ಕಾಂಪೌಂಡುಗಳ ನಡುವಿನ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೆ ಸಾಕು, ಕೋಟಿಗಟ್ಟಲೆ ಬೆಲೆಯ ಮನೆಯವರು ನೋಡುವ ಸಮುದ್ರವನ್ನೇ ನಾವೂ ಬಿಟ್ಟಿ ನೋಡಬಹುದು.

ಈಗ ಅಲೆಗಳ ವಿಷಯ. ನಮ್ಮ ಕಡೆ ಸಮುದ್ರ ಕೆಡುವುದು ಮಳೆಗಾಲದಲ್ಲಿ. ಜೂನ್ ಬಂತೆಂದರೆ ಮೀನುಗಾರಿಕೆ ದೋಣಿಗಳು ದಡ ಸೇರುತ್ತವೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟೂ ನಿಲ್ಲುತ್ತದೆ. ಆಗ ಗಾಳಿ, ಮಳೆ, ಗುಡುಗು, ಕೆಸರು ಬಣ್ಣದ ನೀರು ಎಲ್ಲ ಒಟ್ಟಿಗೇ ಬರುತ್ತವೆ. ಆಕಾಶ ನೋಡಿದರೇ ಸಾಕು, ಸಮುದ್ರ ಹೇಗಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಚಳಿಗಾಲಕ್ಕೆ ಅದೇ ಕಡಲು ಮಕ್ಕಳು ಆಡುವಷ್ಟು ಸಾಧು. ಒವಾಹುವಿನ ಉತ್ತರದಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಬೇಸಿಗೆಯಲ್ಲಿ ನೀರು ಅಲ್ಲಾಡುವುದೇ ಇಲ್ಲ. ಚಳಿಗಾಲದಲ್ಲಿ ಮೂರು ಮಹಡಿ ಎತ್ತರದ ಅಲೆ ಏಳುತ್ತದೆ. ಅದೂ ಹೇಗೆ? ಮೇಲೆ ನೀಲಿ ಆಕಾಶ, ಹಿತವಾದ ಬಿಸಿಲು, ತೆಂಗಿನ ಗರಿ ಸಣ್ಣಗೆ ಆಡುವಷ್ಟು ಗಾಳಿ. ಮಳೆಯ ಸುಳಿವೇ ಇಲ್ಲ. ಕೆಳಗೆ ಮಾತ್ರ ಸಮುದ್ರ ಎದ್ದು ಬೀಳುತ್ತಿರುತ್ತದೆ. ಮೊದಲ ಸಲ ನೋಡಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಕಾರಣವಿಲ್ಲದೆ ಯಾಕಿಷ್ಟು ಕೋಪ?

ಕಾರಣ ಇದೆ, ಆದರೆ ತುಂಬ ದೂರದಲ್ಲಿದೆ. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನಲ್ಲಿ, ಜಪಾನ್ ಮತ್ತು ಅಲಾಸ್ಕದ ನಡುವೆ, ದೊಡ್ಡ ದೊಡ್ಡ ಬಿರುಗಾಳಿಗಳು ಏಳುತ್ತವೆ. ಅಲ್ಲಿ ಗಾಳಿ ನೀರನ್ನು ಕಲಕುತ್ತದೆ. ಕಲಕಿದ ನೀರಿನ ಉಬ್ಬು ಸಾವಿರಾರು ಕಿಲೋಮೀಟರು ಹರಿದು ಬರುತ್ತದೆ. ದಾರಿಯಲ್ಲಿ ಸಣ್ಣ ಪುಟ್ಟ ಅಲೆಗಳೆಲ್ಲ ಸೋತು ಹಿಂದುಳಿಯುತ್ತವೆ, ಉದ್ದನೆಯ ಗಟ್ಟಿ ಅಲೆಗಳು ಮಾತ್ರ ಉಳಿದು ಸಾಲಾಗಿ ಬರುತ್ತವೆ. ಈ ದ್ವೀಪಗಳು ಜ್ವಾಲಾಮುಖಿಯಿಂದ ಎದ್ದವು. ಖಂಡಗಳ ಸುತ್ತ ಇರುವ ಹಾಗೆ ಇಲ್ಲಿ ಅಗಲವಾದ, ಆಳ ಕಡಿಮೆ ಇರುವ ತಳ ಇಲ್ಲ. ಹಾಗಾಗಿ ಅಲೆಯ ಶಕ್ತಿ ದಾರಿಯಲ್ಲಿ ಸವೆಯುವುದಿಲ್ಲ. ಆಳದಿಂದ ಬಂದದ್ದು ಒಮ್ಮೆಲೇ ದಡದ ಬಂಡೆಗೆ ತಾಗಿ ಎದ್ದು ನಿಲ್ಲುತ್ತದೆ. ಆಫೀಸಿನಲ್ಲಿ ಯಾರೋ ಏನೋ ಅಂದದ್ದಕ್ಕೆ ಸಂಜೆ ಮನೆಗೆ ಬಂದು ಪಾತ್ರೆ ಕುಕ್ಕುತ್ತೇವಲ್ಲ, ಅದೇ ಕಥೆ. ಜಗಳ ಆಗಿದ್ದು ಎಲ್ಲೋ, ಸದ್ದು ಕೇಳಿಸುವುದು ಇಲ್ಲಿ.

ದೂರದಿಂದ ಬರುವುದರಿಂದ ಒಂದು ಅನುಕೂಲವೂ ಇದೆ. ಕಡಲ ಮಧ್ಯೆ ತೇಲುವ ಅಳತೆಯ ಬೋಯಾಗಳಿವೆ. ಅಲೆ ದಡಕ್ಕೆ ಬರುವ ಗಂಟೆಗಳ ಮುಂಚೆಯೇ ಅವು ಸುದ್ದಿ ಕೊಡುತ್ತವೆ. ಸರ್ಫಿಂಗ್ ಮಾಡುವವರು, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವವರು, ಬೆಳಗ್ಗೆ ಎದ್ದು ಮೊದಲು ನೋಡುವುದು ಅದನ್ನೇ. ನಾವು ತಂಗಿದ್ದ ಮನೆಯ ಪಕ್ಕದ ಹುಡುಗ ಹಲ್ಲುಜ್ಜುತ್ತಾ ಫೋನು ನೋಡಿ "ಹನ್ನೊಂದು ಗಂಟೆಗೆ ಬರುತ್ತೆ" ಅಂದ. ನಮ್ಮೂರಿನ ಬಸ್ಸಿನ ಬಗ್ಗೆ ಅಷ್ಟು ಖಚಿತವಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ನಾವು ವೈಮೇಯ ಕೊಲ್ಲಿಯಲ್ಲಿ ಕೂತೆವು. ಎರಡು ಕಡೆ ಕಪ್ಪು ಬಂಡೆ, ನಡುವೆ ಅರ್ಧಚಂದ್ರದ ಹಾಗೆ ಮರಳು. ಆಚೆ ದಿಬ್ಬದ ಮೇಲೆ ಒಂದು ಚರ್ಚಿನ ಗೋಪುರ ಕಾಣುತ್ತದೆ. ಅದು ಮೊದಲು ಗೋಪುರವಲ್ಲ, ರಸ್ತೆ ಕೆಲಸಕ್ಕೆ ಕಲ್ಲು ಪುಡಿ ಮಾಡಲು ಕಟ್ಟಿದ್ದಂತೆ. ಕೆಲಸ ಮುಗಿದ ಮೇಲೆ ದೇವರಿಗೆ ಕೊಟ್ಟರು.

ಡಬ್ಬಿಯಲ್ಲಿ ಪುಳಿಯೋಗರೆ ಇತ್ತು. ಒಂದು ದೊಡ್ಡ ಅಲೆ ಬಿದ್ದಾಗ ಡಬ್ಬಿಯ ಮುಚ್ಚಳ ಸಣ್ಣಗೆ ಅದುರಿತು. ಸದ್ದು ಕಿವಿಗೆ ಬರುವ ಮುಂಚೆ ಮರಳಿನ ಮೂಲಕ ಮೈಗೆ ಬರುತ್ತದೆ. ಯಜಮಾನರು ನನ್ನ ಮುಖ ನೋಡಿದರು. "ಇನ್ನೂ ಸ್ವಲ್ಪ ಹಿಂದೆ ಕೂರೋಣ್ವಾ?" ಅಂದರು. ನಾವಾಗಲೇ ಪಾರ್ಕಿಂಗಿನ ಹತ್ತಿರ ಹತ್ತಿರ ಕೂತಿದ್ದೆವು.

ಅಲ್ಲಿ ಎಲ್ಲಿ ಕೂರಬೇಕು ಅನ್ನುವುದಕ್ಕೆ ಸುಲಭದ ಗುರುತು ಇದೆ. ಮರಳು ಒದ್ದೆ ಇದ್ದರೆ ಅಲೆ ಅಲ್ಲಿವರೆಗೆ ಬಂದಿದೆ, ಮತ್ತೆ ಬರುತ್ತದೆ. ಆದರೆ ಈ ಅಲೆಗಳು ತಂಡ ಕಟ್ಟಿಕೊಂಡು ಬರುತ್ತವೆ. ನಾಲ್ಕೈದು ದೊಡ್ಡವು ಬಂದು ಹೋದ ಮೇಲೆ ಹತ್ತಿಪ್ಪತ್ತು ನಿಮಿಷ ಏನೂ ಇರುವುದಿಲ್ಲ. ನೀರು ಸುಮ್ಮನಾಗುತ್ತದೆ. ಹೊಸಬರು ಮೋಸ ಹೋಗುವುದು ಆಗಲೇ. ನಮ್ಮ ಕಣ್ಣೆದುರೇ ಒಬ್ಬ ಮಹಾಶಯ ಹೆಂಡತಿಗೆ ಫೋನು ಕೊಟ್ಟು, ನೀರಿಗೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ ನಿಂತ. ಲೈಫ್‌ಗಾರ್ಡ್ ಮೈಕಿನಲ್ಲಿ "ಕೆಂಪು ಚಡ್ಡಿಯವರೇ, ಸಮುದ್ರಕ್ಕೆ ಬೆನ್ನು ಹಾಕಬೇಡಿ" ಅಂತ ಕೂಗಿದರು. ಬೀಚಿನಲ್ಲಿದ್ದ ಕೆಂಪು ಚಡ್ಡಿಯವರೆಲ್ಲ ಒಮ್ಮೆ ತಮ್ಮನ್ನು ತಾವು ನೋಡಿಕೊಂಡರು, ಅವನೊಬ್ಬನನ್ನು ಬಿಟ್ಟು. ಮುಂದಿನ ತಂಡ ಬಂತು. ಮನುಷ್ಯ ಉಳಿದ, ಅವನ ಚಪ್ಪಲಿ, ಚೀಲ, ಟವೆಲು ಮೂರೂ ಕೊಲ್ಲಿಗೆ ಹೋದವು. ಒಂದು ಚಪ್ಪಲಿ ವಾಪಸ್ ಬಂತು.

ದಡದ ಕಾವಲು ಗೂಡಿನ ಮೇಲೆ ಕೂತ ಲೈಫ್‌ಗಾರ್ಡ್‌ಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ವೈಮೇಯಕ್ಕೆ ಮೊದಲ ಲೈಫ್‌ಗಾರ್ಡ್ ಆಗಿ ಬಂದವರು ಎಡ್ಡಿ ಐಕಾವ್, 1968ರಲ್ಲಿ. ಬೇರೆ ಯಾರೂ ಇಳಿಯದ ನೀರಿಗೆ ಇಳಿದು ನೂರಾರು ಜನರನ್ನು ಎಳೆದು ತಂದವರು. 1978ರಲ್ಲಿ ಹೊಕುಲೇಅ ಎಂಬ, ಹಳೆಯ ಪದ್ಧತಿಯ ಹಾಯಿದೋಣಿಯಲ್ಲಿ ಹೊರಟಾಗ ಅದು ರಾತ್ರಿ ಮಗುಚಿತು. ಸಹಾಯ ತರುತ್ತೇನೆಂದು ತಮ್ಮ ಸರ್ಫಿಂಗ್ ಹಲಗೆಯ ಮೇಲೆ ಮಲಗಿ ದೂರದ ದ್ವೀಪದತ್ತ ಈಜಿಕೊಂಡು ಹೋದರು. ದೋಣಿಯಲ್ಲಿದ್ದ ಉಳಿದವರನ್ನು ಆಮೇಲೆ ಬೇರೆಯವರು ಬಂದು ಕಾಪಾಡಿದರು. ಎಡ್ಡಿ ಸಿಗಲೇ ಇಲ್ಲ. ಅವರ ಹೆಸರಿನಲ್ಲಿ ವೈಮೇಯದಲ್ಲಿ ಒಂದು ಸರ್ಫಿಂಗ್ ಸ್ಪರ್ಧೆ ನಡೆಯುತ್ತದೆ. ನಡೆಯುತ್ತದೆ ಅನ್ನುವುದಕ್ಕಿಂತ, ಸಮುದ್ರ ಒಪ್ಪಿದರೆ ನಡೆಯುತ್ತದೆ. ಅಲೆಯ ಮುಖ ಸುಮಾರು 40 ಅಡಿ ಇರಲೇಬೇಕು, ಅದೂ ದಿನವಿಡೀ. ಇಲ್ಲದಿದ್ದರೆ ಆ ವರ್ಷ ಸ್ಪರ್ಧೆ ಇಲ್ಲ. 1980ರ ದಶಕದಲ್ಲಿ ಶುರುವಾದದ್ದು 2024ರ ಡಿಸೆಂಬರ್‌ವರೆಗೆ ನಡೆದದ್ದು ಹನ್ನೊಂದೇ ಸಲ. 2023ರ ಜನವರಿಯಲ್ಲಿ ಗೆದ್ದ ಲ್ಯೂಕ್ ಶೆಪರ್ಡ್‌ಸನ್ ಆ ದಿನ ಅದೇ ಬೀಚಿನಲ್ಲಿ ಡ್ಯೂಟಿಯಲ್ಲಿದ್ದ ಲೈಫ್‌ಗಾರ್ಡ್. ಬಿಡುವು ಕೇಳಿಕೊಂಡು ಹೋಗಿ ಅಲೆ ಹತ್ತಿ, ಮತ್ತೆ ಬಂದು ಗೂಡಿನಲ್ಲಿ ಕೂತು, ಕೊನೆಗೆ ಜಗತ್ತಿನ ಘಟಾನುಘಟಿಗಳನ್ನೆಲ್ಲ ಸೋಲಿಸಿದರು. ಈ ಸುದ್ದಿ ಓದಿದಾಗಿನಿಂದ ಯಜಮಾನರು ಲಂಚ್ ಬ್ರೇಕಿನಲ್ಲಿ ಏನು ಸಾಧಿಸಬಹುದು ಎಂಬ ಬಗ್ಗೆ ಆಗಾಗ ಮಾತಾಡುತ್ತಾರೆ. ಸದ್ಯಕ್ಕೆ ನಿದ್ದೆ ಸಾಧಿಸಿದ್ದಾರೆ.

ವೈಮೇಯದಲ್ಲಿ ಅಲೆ ದೊಡ್ಡದು, ಪೈಪ್‌ಲೈನಿನಲ್ಲಿ ಅಲೆ ಹತ್ತಿರ. ದಡದಿಂದ ಒಂದು ಕಲ್ಲೆಸೆತದ ದೂರದಲ್ಲಿ, ಗಾಜಿನ ಕೊಳವೆಯ ಹಾಗೆ ಸುರುಳಿ ಸುತ್ತಿಕೊಂಡು ಒಡೆಯುತ್ತದೆ. ಅದರ ಕೆಳಗೆ ಆಳ ಕಡಿಮೆ, ಚೂಪು ಬಂಡೆ. ಹುಡುಗ ಹುಡುಗಿಯರು ಆ ಕೊಳವೆಯೊಳಗೆ ಮಾಯವಾಗುತ್ತಾರೆ. ನಾವು ಚಕ್ಕುಲಿ ಕಚ್ಚುವುದನ್ನು ಅರ್ಧಕ್ಕೆ ನಿಲ್ಲಿಸುತ್ತೇವೆ. ಇನ್ನೊಂದು ತುದಿಯಲ್ಲಿ ಹೊರಬಂದರೆ ಇಡೀ ದಡ ಚಪ್ಪಾಳೆ ತಟ್ಟುತ್ತದೆ, ಚಕ್ಕುಲಿ ಮುಂದುವರಿಯುತ್ತದೆ. ಕೂತು ನೋಡುವವರಿಲ್ಲದಿದ್ದರೆ ಆ ಚಪ್ಪಾಳೆ ಯಾರು ತಟ್ಟಬೇಕಿತ್ತು, ಹೇಳಿ? ನಮ್ಮಲ್ಲೂ ಈಗ ಮೂಲ್ಕಿ, ಸಸಿಹಿತ್ಲು ಕಡೆ ಮಕ್ಕಳು ಹಲಗೆ ಹಿಡಿದು ಕಡಲಿಗೆ ಇಳಿಯುತ್ತಾರೆ, ಸ್ಪರ್ಧೆಗಳೂ ಆಗುತ್ತವೆ. ಅಲ್ಲೂ ನನ್ನ ಜಾಗ ದಡದಲ್ಲೇ.

ಲನಿಯಾಕೇಯದಲ್ಲಿ ಕೂರುವ ಸ್ಪರ್ಧೆ ಇಟ್ಟರೆ ನಾವು ಸೋಲುತ್ತೇವೆ. ಅಲ್ಲಿ ಹಸಿರು ಕಡಲಾಮೆಗಳು ಮರಳಿಗೆ ಬಂದು ಮಲಗುತ್ತವೆ. ಬಂಡೆಗೆ ಅಂಟಿದ ಪಾಚಿ ತಿನ್ನುವುದು, ಬಿಸಿಲು ಕಾಯಿಸುವುದು, ಅಷ್ಟೇ ಕೆಲಸ. ಸ್ವಯಂಸೇವಕರು ಸುತ್ತ ಕೆಂಪು ಹಗ್ಗ ಹಾಕಿ ಜನರನ್ನು ದೂರ ನಿಲ್ಲಿಸುತ್ತಾರೆ. ಅರ್ಧ ಗಂಟೆ ನಿಂತರೆ ಆಮೆ ಒಮ್ಮೆ ಕಣ್ಣು ಬಿಡುತ್ತದೆ. ಇದನ್ನು ನೋಡಲು ರಸ್ತೆ ದಾಟುವ ಜನರಿಂದಾಗಿಯೇ ಆ ಹೆದ್ದಾರಿಯಲ್ಲಿ ಅಷ್ಟುದ್ದ ಟ್ರಾಫಿಕ್ ಜಾಮ್.

ಊಟದ ವಿಷಯ ಬಿಟ್ಟರೆ ತಪ್ಪಾಗುತ್ತದೆ. ಕಹುಕು ಕಡೆ ರಸ್ತೆ ಬದಿಯ ಟ್ರಕ್ಕುಗಳಲ್ಲಿ ಬೆಳ್ಳುಳ್ಳಿ ಹಾಕಿ ಬೆಣ್ಣೆಯಲ್ಲಿ ಹುರಿದ ಸಿಗಡಿ, ಜೊತೆಗೆ ಎರಡು ಉಂಡೆ ಅನ್ನ ಕೊಡುತ್ತಾರೆ. ಮೆಣಸು ಸಾಲದು, ಆದರೂ ಅನ್ನ ಕಂಡು ಕಣ್ಣು ತುಂಬಿ ಬಂತು. ಯಜಮಾನರು ಸಸ್ಯಾಹಾರಿ, ಬರೀ ಅನ್ನದ ಉಂಡೆಗೆ ಪುಳಿಯೋಗರೆ ಗೊಜ್ಜು ಕಲೆಸಿಕೊಂಡರು. ಆಮೇಲೆ ಹಾಲೆಇವಾದಲ್ಲಿ ತುರಿದ ಐಸು. ಹಿಂದೆ ಕಬ್ಬಿನ ತೋಟಗಳಿಗೆ ದುಡಿಯಲು ಬಂದ ಜಪಾನಿಯರು ತಂದ ತಿಂಡಿ ಅದು. ಮತ್ಸುಮೊಟೊ ಅವರ ಅಂಗಡಿ 1951ರಿಂದ ಇದೆ. ಬಣ್ಣ ಬಣ್ಣದ ಸಕ್ಕರೆ ಪಾಕ ಸುರಿದ ಐಸಿನ ಅಡಿಯಲ್ಲಿ ಬೇಕಾದರೆ ಬೇಯಿಸಿದ ಸಿಹಿ ಕಾಳು ಹಾಕುತ್ತಾರೆ. ಐಸಿಗೆ ಕಾಳು ಯಾಕೆ ಅಂತ ಇಬ್ಬರೂ ಮೂಗು ಮುರಿದೆವು. ಕೊನೆಗೆ ಕಾಳಿಗೋಸ್ಕರ ಚಮಚ ಕಿತ್ತಾಡಿದೆವು.

ಅಲ್ಲಿನವರು ಅಲೆ ಅಳೆಯುವ ರೀತಿ ಮಾತ್ರ ನನಗೆ ಇನ್ನೂ ಜೀರ್ಣವಾಗಿಲ್ಲ. ನಾವು ಎದುರಿನಿಂದ ಅಳೆಯುತ್ತೇವೆ, ಅವರು ಹಿಂದಿನಿಂದ ಅಳೆಯುತ್ತಾರೆ. ಹಿಂದಿನಿಂದ ಅಲೆ ಸುಮಾರು ಅರ್ಧದಷ್ಟೇ ಕಾಣುತ್ತದೆ. ಮೂವತ್ತು ಅಡಿಯ ಅಲೆಯಿಂದ ಬದುಕಿ ಬಂದ ಹುಡುಗ "ಹದಿನೈದಿರಬಹುದು" ಅಂತ ಭುಜ ಕುಣಿಸುತ್ತಾನೆ. ನಮ್ಮೂರಿನಲ್ಲಿ ಬಲೆಗೆ ಬಿದ್ದ ಮೀನು ಮನೆ ತಲುಪುವಷ್ಟರಲ್ಲಿ ಎರಡು ಪಟ್ಟಾಗುತ್ತದೆ, ತಪ್ಪಿಸಿಕೊಂಡ ಮೀನು ನಾಲ್ಕು ಪಟ್ಟು. ಇಷ್ಟು ದೊಡ್ಡ ಸಮುದ್ರ ಇಟ್ಟುಕೊಂಡು ಹೀಗಾ ಮಾತಾಡುವುದು?

ಯಜಮಾನರಿಗೆ ಈ ಸಂಯಮ ಬಹಳ ಹಿಡಿಸಿತು. ರಾತ್ರಿ ತುಮಕೂರಿಗೆ ಫೋನು ಮಾಡಿ, ಅಲ್ಲಿನವರ ಲೆಕ್ಕದಲ್ಲೇ, "ಹದಿನೈದು ಅಡಿ ಅಲೆ ನೋಡಿದ್ವಿ ಅಮ್ಮ" ಅಂದರು.

"ಅಷ್ಟೇನಾ?" ಅಂದರು ಅತ್ತೆ. "ನಮ್ಮ ಹಿತ್ತಲ ನುಗ್ಗೆ ಮರ ಅದಕ್ಕಿಂತ ಜಾಸ್ತಿ ಎತ್ತರ ಇದೆಯಲ್ಲೋ."

ಇವರು ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ಅರವತ್ತು ಅಡಿ ಅಂದರು.