ಮಾವ ಸಹಿ ಹಾಕಿದ ಕಾಗದ

"ಟೀಚರೇ, ಕದ್ದವನಿಗೆ ಯಾಕೆ ಇಷ್ಟೆಲ್ಲ ಹಕ್ಕು?"

ಕಳೆದ ವರ್ಷ ಮೂಲಭೂತ ಹಕ್ಕುಗಳ ಪಾಠ ಮಾಡುವಾಗ ಹುಡುಗನೊಬ್ಬ ಎದ್ದು ಕೇಳಿದ. ಅರ್ಧ ಕ್ಲಾಸು ಹೌದು ಹೌದು ಅಂದಿತು. ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಆದರೆ ಆ ದಿನ ಒಬ್ಬಳು ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಊಟದ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತು, "ನನ್ನ ಮಾವ ಕದ್ದಿರಲಿಲ್ಲ ಟೀಚರ್" ಅಂದಳು. (ಅವಳನ್ನೂ ಅವಳ ಅಮ್ಮನನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಮಾವ ತೋಟದ ಕೆಲಸದವರು. ಒಂದು ಮನೆಯ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ರಾತ್ರಿ ಕಳವಾಯಿತು. ಹಿಂದಿನ ದಿನ ಅಲ್ಲಿ ಕೆಲಸಕ್ಕೆ ಹೋಗಿದ್ದವರು ಇವರು. ಅಷ್ಟೇ ಸಾಕಾಯಿತು. ಠಾಣೆಗೆ ಕರೆದುಕೊಂಡು ಹೋದರು. ಯಾಕೆ ಅಂತ ಮನೆಯವರಿಗೆ ಹೇಳಲಿಲ್ಲ. ಅವರ ಮನೆಮಾತು ತುಳು. ಏಳನೇ ಕ್ಲಾಸಿನವರೆಗೆ ಓದಿದ್ದು ಕನ್ನಡದಲ್ಲಿ. ಮಲಯಾಳ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಮಲಯಾಳದಲ್ಲಿ ಬರೆದ ಕಾಗದ ಮುಂದಿಟ್ಟು ಸಹಿ ಹಾಕು ಅಂದರು, ಹಾಕಿದರು. ಮರುದಿನ ಸಂಜೆ ಬಿಟ್ಟರು. ಆ ಕಾಗದದಲ್ಲಿ ಏನಿತ್ತು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಕದ್ದವರು ಬೇರೆ ಅಂತ ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವರ ಫೋಟೋ ಊರಿನ ವಾಟ್ಸಾಪ್ ಗ್ರೂಪಿನಲ್ಲಿ 'ಅಡಿಕೆ ಕಳ್ಳ' ಅಂತ ಓಡಾಡಿತ್ತು. ಕ್ಲಾಸಿನ ಮಕ್ಕಳೂ ನೋಡಿದ್ದರು.

ಮರುದಿನ ಆ ಪಾಠವನ್ನು ಮೊದಲಿಂದ ಶುರು ಮಾಡಿದೆ. ಮಾವನ ಸುದ್ದಿ ಎತ್ತಲಿಲ್ಲ. ಬೋರ್ಡಿನ ಮೇಲೆ 'ಆರೋಪಿ' ಅಂತ ಬರೆದೆ, ದೂರ ಬಿಟ್ಟು 'ಅಪರಾಧಿ' ಅಂತ ಬರೆದೆ. ನಡುವಿನ ಜಾಗದಲ್ಲಿ ಏನೆಲ್ಲ ನಡೆಯಬೇಕು ಅಂತ ಕೇಳಿದೆ. ಸಂವಿಧಾನದ 22ನೇ ವಿಧಿ ಅಲ್ಲಿ ಬರುತ್ತದೆ. ಯಾಕೆ ಬಂಧಿಸಿದ್ದು ಅಂತ ಹೇಳಬೇಕು. ತನಗೆ ಬೇಕಾದ ವಕೀಲರ ಹತ್ತಿರ ಮಾತಾಡಲು ಬಿಡಬೇಕು. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. 20ನೇ ವಿಧಿ ಪ್ರಕಾರ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಆರೋಪಿಯನ್ನು ಬಲವಂತ ಮಾಡುವ ಹಾಗಿಲ್ಲ. ಪೊಲೀಸರ ಎದುರು ತಪ್ಪೊಪ್ಪಿಕೊಂಡರೆ ಅದನ್ನು ಅವನ ವಿರುದ್ಧ ಕೋರ್ಟಿನಲ್ಲಿ ಬಳಸುವಂತಿಲ್ಲ ಅಂದಾಗ ಮಕ್ಕಳಿಗೆ ಆಶ್ಚರ್ಯ. ಇದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. ಹೊಡೆದರೆ ಯಾರ ಬಾಯಿಂದಲೂ ಏನನ್ನಾದರೂ ಹೇಳಿಸಬಹುದು ಅಂತ ಬ್ರಿಟಿಷರಿಗೂ ಗೊತ್ತಿತ್ತು.

ಆಮೇಲೆ ರಾಜನ್ ಕಥೆ ಹೇಳಿದೆ. ನಮ್ಮ ರಾಜ್ಯದ್ದೇ. ತುರ್ತು ಪರಿಸ್ಥಿತಿಯ ಕಾಲ, 1976ರ ಮಾರ್ಚ್. ಕೋಝಿಕ್ಕೋಡಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗನನ್ನು ಪೊಲೀಸರು ಹಿಡಿದುಕೊಂಡು ಹೋದರು. ಅಪ್ಪ ಈಚರ ವಾರಿಯರ್ ಹಿಂದಿ ಪ್ರೊಫೆಸರ್. ಮಗ ಎಲ್ಲಿ ಅಂತ ಕಂಡಕಂಡವರ ಬಾಗಿಲು ತಟ್ಟಿದರು. ಅದೇ ವರ್ಷ ಸುಪ್ರೀಂ ಕೋರ್ಟು, ತುರ್ತು ಪರಿಸ್ಥಿತಿ ಇರುವವರೆಗೆ ಇಂಥ ಬಂಧನದ ವಿರುದ್ಧ ಕೋರ್ಟಿಗೆ ಬರುವ ಹಾಗಿಲ್ಲ ಅಂದಿತ್ತು. 1977ರಲ್ಲಿ ಆ ಅಪ್ಪ ಕೇರಳ ಹೈಕೋರ್ಟಿಗೆ ಹೋದರು. ಮಗ ಕಕ್ಕಯಂ ಪೊಲೀಸ್ ಕ್ಯಾಂಪಿನಲ್ಲಿ ಸತ್ತಿದ್ದ. ದೇಹ ಸಿಗಲೇ ಇಲ್ಲ. ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ಆದ ನಂತರ 20ನೇ ವಿಧಿಯನ್ನೂ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯನ್ನೂ ತುರ್ತು ಪರಿಸ್ಥಿತಿಯಲ್ಲೂ ತಡೆಹಿಡಿಯುವಂತಿಲ್ಲ. ಅಷ್ಟು ಹೊತ್ತು ಕ್ಲಾಸಿನಲ್ಲಿ ಒಂದು ಸದ್ದಿರಲಿಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ವಿಷಯ ಹೇಳಲೇಬೇಕು, ಅದು ಭಾಷೆ. 1962ರಲ್ಲಿ ಮಹಾರಾಷ್ಟ್ರದ ಹರಿಕಿಶನ್ ಎಂಬವರ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಅವರನ್ನು ಮುನ್ನೆಚ್ಚರಿಕೆ ಅಂತ ಬಂಧಿಸಿ, ಕಾರಣವನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟಿದ್ದರು. ನನಗೆ ಇಂಗ್ಲಿಷ್ ಬರುವುದಿಲ್ಲ, ಹಿಂದಿಯಲ್ಲಿ ಕೊಡಿ ಅಂದರು. ಕೊಡಲಿಲ್ಲ. ಬಾಯಲ್ಲಿ ವಿವರಿಸಿದರೆ ಸಾಲದು ಅಂತ ಕೋರ್ಟು ಅವರನ್ನು ಬಿಡಿಸಿತು. ಮಾಮೂಲಿ ಬಂಧನದಲ್ಲೂ ಕಾರಣವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರೆದೇ ಕೊಡಬೇಕು ಅಂತ 2025ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗಡಿನಾಡಿನ ನಮಗೆ ಇದಕ್ಕಿಂತ ದೊಡ್ಡ ತೀರ್ಪು ಯಾವುದಿದೆ? 1956ರಿಂದ ಕೇರಳದಲ್ಲಿದ್ದೇವೆ. ಅರ್ಜಿ, ನೋಟಿಸು ಕನ್ನಡದಲ್ಲಿ ಬೇಕು ಅಂತ ಕೇಳುತ್ತಲೇ ಇದ್ದೇವೆ. ಠಾಣೆಯಲ್ಲಿ ಕೇಳಲು ಮಾತ್ರ ಧೈರ್ಯ ಬರುವುದಿಲ್ಲ, ಅಲ್ವಾ?

"ಇದನ್ನೆಲ್ಲ ಕಲಿಸಿದರೆ ಮಕ್ಕಳಿಗೆ ಪೊಲೀಸರ ಮೇಲೆ ಗೌರವ ಹೋಗುತ್ತದೆ" ಅಂದರು ನಮ್ಮ ಹಿರಿಯ ಸಹೋದ್ಯೋಗಿ. ಕಳಕೊಂಡವರ ಗತಿ ಏನು ಅಂತಲೂ ಕೇಳಿದರು. ಅದು ಸಣ್ಣ ಪ್ರಶ್ನೆ ಅಲ್ಲ. ನಾನೂ ಅಡಿಕೆ ತೋಟದ ಮನೆಯವಳು. ವರ್ಷವಿಡೀ ದುಡಿದದ್ದು ಒಂದು ರಾತ್ರಿಯಲ್ಲಿ ಹೋದರೆ ಹೊಟ್ಟೆ ಉರಿಯುತ್ತದೆ. ಆದರೆ ಹುಡುಗಿಯ ಮಾವ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಗ ನಿಜವಾಗಿ ಕದ್ದವರು ಹೊರಗೇ ಇದ್ದರಲ್ಲ? ಆ ಅಡಿಕೆ ಮನೆಯವರಿಗೆ ಇದರಿಂದ ಏನು ಸಿಕ್ಕಿತು?

ಈ ವರ್ಷ ಈ ಪಾಠಕ್ಕೆ ಮೂರು ಪೀರಿಯಡ್ ಇಟ್ಟಿದ್ದೇನೆ. ಬಂಧನದ ಹೊತ್ತಿಗೆ ಏನು ಕೇಳಬೇಕು ಅಂತ ಒಂದು ಪುಟದಷ್ಟು ಕನ್ನಡದಲ್ಲಿ ಬರೆದಿದ್ದೇನೆ. ಉಚಿತ ಕಾನೂನು ನೆರವಿನ 15100 ನಂಬರೂ ಅದರಲ್ಲಿದೆ. ಯಾರಾದರೂ ವಕೀಲರು ಒಮ್ಮೆ ಓದಿ ತಪ್ಪಿದ್ದರೆ ತಿದ್ದಿಕೊಡಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಟೀಚರುಗಳಿಗೆ ಬೇಕಾದರೆ ಇನ್‌ಬಾಕ್ಸಿಗೆ ಬನ್ನಿ, ಕಳಿಸುತ್ತೇನೆ.