ಅತ್ತೆಯ ಅಯಸ್ಕಾಂತ

ನಮ್ಮ ಕಡೆ ನೆಂಟರಿಗೆ ಹೆಸರಿಲ್ಲ, ಊರಿದೆ. ಅರಸೀಕೆರೆ ಚಿಕ್ಕಪ್ಪ, ಕಡೂರು ದೊಡ್ಡಮ್ಮ, ಭದ್ರಾವತಿ ಮಾವ. ಬೆಂಗಳೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿದರೆ ಸ್ಟೇಷನ್ನಿಗೊಬ್ಬರಂತೆ ಸಿಗುತ್ತಾ ಹೋಗುತ್ತಾರೆ. ತುಮಕೂರು, ಗುಬ್ಬಿ ದಾಟಿದ ಮೇಲೆ ಸಿಗುವವರು ತಿಪಟೂರತ್ತೆ. ಅಪ್ಪನ ಅಕ್ಕ.

ಅತ್ತೆಗೂ ಒಂದು ಹೆಸರಿದೆ ಅಂತ ನನಗೆ ಗೊತ್ತಾದದ್ದು ಪಾತ್ರೆಗಳಿಂದ. ಹೊಸದಾಗಿ ಓದಲು ಕಲಿತಿದ್ದೆ. ಊಟಕ್ಕೆ ಕೂತರೆ ತಟ್ಟೆಯ ಅಂಚು ಓದುತ್ತಿದ್ದೆ. ಲೋಟದ ಮೇಲೆ, ಸೌಟಿನ ಹಿಡಿಯ ಮೇಲೆ, ಡಬ್ಬಿಯ ಮುಚ್ಚಳದ ಮೇಲೆ, ಎಲ್ಲೆಲ್ಲೂ ಒಂದೇ ಹೆಸರು.

"ಇದ್ಯಾರಮ್ಮ?"

"ನಿಮ್ಮತ್ತೆ ಕಣೋ."

"ಮತ್ತೆ ನಮ್ಮ ಪಾತ್ರೆ ಎಲ್ಲಿ?"

"ತಿಪಟೂರಲ್ಲಿ."

ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಅನ್ನುವ ಮಾತು ಎಲ್ಲರ ಮನೆಯಲ್ಲೂ ಇದೆ. ನಮ್ಮ ಮನೆತನದಲ್ಲಿ ಅದನ್ನು ಕಾನೂನಿನ ಹಾಗೆ ನಡೆಸಿದ್ದು ಅತ್ತೆ. ಅವರು ಕೊಬ್ಬರಿ ಮಿಠಾಯಿ ಕಳಿಸುತ್ತಾರೆ. ಆ ಡಬ್ಬಿಯಲ್ಲಿ ಅಮ್ಮ ಚಕ್ಕುಲಿ ತುಂಬಬೇಕು. ಚಕ್ಕುಲಿ ಜಾಸ್ತಿ ಆದರೆ ಉಳಿದದ್ದು ನಮ್ಮ ಡಬ್ಬಿಯಲ್ಲಿ ಹೋಗಬೇಕು. ಈಗ ನಮ್ಮ ಡಬ್ಬಿಯೂ ಅಲ್ಲಿ, ಸಾಲವೂ ಅಲ್ಲಿ. ಹೀಗೆ ಆ ರೈಲು ಮಾರ್ಗದಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ನಮ್ಮ ಡಬ್ಬಿಗಳೇ ಓಡಾಡಿವೆ. ಲೆಕ್ಕವೆಲ್ಲ ಮಂಡಿಯವರು ಕೊಟ್ಟ ಡೈರಿಯಲ್ಲಿ. ಎಡಗಡೆ ಹೋದದ್ದು, ಬಲಗಡೆ ಬಂದದ್ದು.

ಈ ಕಾನೂನು ಮುರಿದವನು ನಾನೊಬ್ಬನೇ. ಒಂಬತ್ತು ವರ್ಷ, ಬೇಸಿಗೆ ರಜ. ಅತ್ತೆಯ ಡಬ್ಬಿ ತುಂಬ ನಿಪ್ಪಟ್ಟು ಹಾಕಿ ಅಮ್ಮ ನನ್ನ ಕೈಗೆ ಕೊಟ್ಟಿದ್ದಳು. ತುಮಕೂರಿಗೆ ಅರ್ಧ, ಗುಬ್ಬಿಗೆ ಮುಕ್ಕಾಲು, ಬಾಣಸಂದ್ರ ಬರುವಾಗ ಬರೀ ಪುಡಿ. ಅಪ್ಪನೂ ಸಮಪಾಲು ತಿಂದಿದ್ದರು. ಆದರೆ ಅಕ್ಕನ ಮನೆ ಬಾಗಿಲಲ್ಲಿ ಅವರು ಡಬ್ಬಿಯನ್ನು ನನ್ನ ಕೈಗಿಟ್ಟು, ಚಪ್ಪಲಿ ಬಿಚ್ಚುವುದರಲ್ಲಿ ಮುಳುಗಿಹೋದರು.

ಅತ್ತೆ ಮುಚ್ಚಳ ತೆಗೆದರು. ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ.

"ಲೋ ತಮ್ಮ, ನನ್ನ ಕನ್ನಡಕ ತಗೊಂಬಾರೋ. ಒಳಗಿರೋದು ಕಾಣಿಸ್ತಾ ಇಲ್ಲ."

ಆ ರಜ ಪೂರ್ತಿ ನನಗೆ ಅಟ್ಟದ ಕೆಲಸ. ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡಬೇಕಾದರೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತಾರು ತಿಂಗಳು ಸುಮ್ನೆ ಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ಕೊಬ್ಬರಿ ಚಿಪ್ಪು ಬಿಡುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಗೊಟಗೊಟ ಸದ್ದು. ನಾನು ಮೇಲೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಬೇಕು. ಅತ್ತೆ ಕೆಳಗೆ ಸೊಪ್ಪು ಬಿಡಿಸುತ್ತಾ "ಆಗಿದೆ", "ಇನ್ನೂ ಇಲ್ಲ" ಅನ್ನುತ್ತಿದ್ದರು. ಒಂದು ಸಲ ಪರೀಕ್ಷೆ ಮಾಡೋಣ ಅಂತ ಒಂದೇ ಕಾಯಿಯನ್ನು ಎರಡು ಸಲ ಅಲ್ಲಾಡಿಸಿದೆ. "ಅದನ್ನ ಆಗಲೇ ನೋಡಾಯ್ತಲ್ಲೋ" ಎಂದರು.

ಕಾಯಿಗೆ ಕಿವಿಯಾದರೆ ಪಾತ್ರೆಗೆ ಅಯಸ್ಕಾಂತ. ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಕಪ್ಪು ಬಿಲ್ಲೆ, ನಡುವೆ ತೂತು. ಕರ್ಚೀಫಿನಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಪಾತ್ರೆ ಅಂಗಡಿಗೆ ಹೋದರೆ ಮೊದಲು ಅದು ಹೊರಗೆ ಬರುತ್ತಿತ್ತು. ಅಂಟಿಕೊಂಡರೆ ಪಾತ್ರೆ ಕಳಪೆ. ಅಂಟದೆ ಜಾರಿದರೆ ಒಳ್ಳೆ ಸ್ಟೀಲು. ಅಂಗಡಿಯವನು ಅತ್ತೆಯನ್ನು ದೂರದಲ್ಲಿ ಕಂಡರೇ ಸಾಕು, ಕೆಲವು ಪಾತ್ರೆಗಳನ್ನು ಒಳಗೆ ಸಾಗಿಸುತ್ತಿದ್ದನಂತೆ.

ಇದಕ್ಕೆ ಶಾಸ್ತ್ರ ಹೇಳಿದವರು ಭದ್ರಾವತಿ ಮಾವ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಭೂಮಿ ಮೇಲೆ ಎಲ್ಲೇ ಲೋಹ ಕಂಡರೂ ಮಾತಾಡುವ ಹಕ್ಕು ತಮ್ಮದು ಅಂದುಕೊಂಡಿದ್ದರು. ಒಳ್ಳೆ ಪಾತ್ರೆ ಸ್ಟೀಲಿನಲ್ಲಿ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ, ಆ ನಿಕ್ಕಲ್ ಸೇರಿದ್ದರಿಂದಲೇ ಅಯಸ್ಕಾಂತ ಹಿಡಿಯುವುದಿಲ್ಲ ಎಂದರು. ಅತ್ತೆಗೆ ಖುಷಿಯಾಯಿತು. "ಆದರೆ ಒತ್ತಿ ಬಗ್ಗಿಸಿದ ಅಂಚಿನಲ್ಲಿ ಒಳ್ಳೆ ಸ್ಟೀಲೂ ಸ್ವಲ್ಪ ಹಿಡಿಯುತ್ತೆ" ಎಂದೂ ಸೇರಿಸಿದರು. ಅತ್ತೆಗೆ ಅದು ಇಷ್ಟವಾಗಲಿಲ್ಲ. ಅಷ್ಟು ಹೊತ್ತಿಗೆ ಅಂಚು ಹಿಡಿದದ್ದಕ್ಕೆ ಒಂದು ಡಜನ್ ಲೋಟ ವಾಪಸ್ ಮಾಡಿ ಬಂದಿದ್ದರು.

ಇನ್ನು ಹೆಸರು ಹಾಕಿಸುವ ಕಥೆ. ಅಂಗಡಿಯ ಮೂಲೆಯಲ್ಲಿ ಒಬ್ಬ ಝುಂಯ್ ಅನ್ನುವ ಮೆಷಿನ್ ಹಿಡಿದು ಕೂತಿರುತ್ತಿದ್ದ. ಅಕ್ಷರಕ್ಕೆ ಇಷ್ಟು ಅಂತ ದರ. ನನ್ನ ಮದುವೆಗೆ ಅತ್ತೆ ದೊಡ್ಡ ಪಾತ್ರೆ ತಗೊಂಡು 'ಪ್ರೀತಿಯ ಅತ್ತೆಯಿಂದ' ಅಂತ ಬರೆಯಲು ಹೇಳಿದರು. ಅತ್ತೆಯ ಲೆಕ್ಕದಲ್ಲಿ ಏಳು ಅಕ್ಷರ. ಅವನ ಲೆಕ್ಕದಲ್ಲಿ ಹತ್ತು. ಪ್ರೀಗೆ ಒಂದು ಒತ್ತು, ತ್ತೆಗೆ ಒಂದು ಒತ್ತು, ಕೊನೆಗೊಂದು ಸೊನ್ನೆ.

"ಒತ್ತು ಅಕ್ಷರ ಹೇಗಪ್ಪ ಆಗುತ್ತೆ? ಅಕ್ಷರದ ಕಾಲಲ್ವಾ ಅದು?"

"ಮೆಷಿನ್‌ಗೆ ಕಾಲೂ ಒಂದೇ ತಲೆಯೂ ಒಂದೇ ಅಮ್ಮ."

"ಹೋಗಲಿ, ಸೊನ್ನೆಗೂ ದುಡ್ಡಾ? ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ?"

ಅವನು ಸೋತ. ಏಳಕ್ಕೇ ಒಪ್ಪಿದ. ಅತ್ತೆ ಗೆದ್ದ ಸಂತೋಷದಲ್ಲಿ ಕಟ್ಟಿಸಿಕೊಂಡು ಬಂದರು. ಮದುವೆ ಮನೆಯಲ್ಲಿ ಕಾಗದ ಬಿಚ್ಚಿದಾಗ ಅದರ ಮೇಲೆ ನೀಟಾಗಿ ಏಳು ಅಕ್ಷರ ಇತ್ತು: 'ಪೀತಿಯ ಅತೆಯಿದ'.

ಅವತ್ತಿನಿಂದ ನಮ್ಮ ಪೀಳಿಗೆಗೆಲ್ಲ ಅವರು ಪೀತಿಯ ಅತೆ. ನನ್ನ ಹೆಂಡತಿ ಮನೆ ತುಂಬಿದ ಮೊದಲ ವಾರದಲ್ಲೇ ಕಲಿತ ಶಬ್ದ ಅದು.

ಕಡೂರಿನ ಮದುವೆಯೊಂದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಡೈರಿಯ ಪ್ರಕಾರ ಅತ್ತೆಯ ಒಂದು ಬಟ್ಟಲು ನಮ್ಮ ಮನೆಗೆ ಹೋದದ್ದು, ಬಾರದೇ ಇದ್ದದ್ದು. ನಾವು ಕೊಟ್ಟಿದ್ದೇವೆ ಅಂತ ವಾದಿಸುತ್ತಿದ್ದೆವು. ಪಂಕ್ತಿಯಲ್ಲಿ ಅತ್ತೆ, ಪಕ್ಕದಲ್ಲಿ ನಾನು. ಎಲೆಯ ಮೇಲೆ ಪಾಯಸ ಬಿದ್ದಿತ್ತು. ಉಪ್ಪು ಬಡಿಸುವ ಹುಡುಗ ತಡವಾಗಿ ಬಂದ. ಅವನ ಕೈಯಲ್ಲಿದ್ದ ಬಟ್ಟಲನ್ನು ಅತ್ತೆ ದಿಟ್ಟಿಸಿದರು. ಹೆಸರು ತಳದಲ್ಲಿರುತ್ತದಲ್ಲ. ಗಬಕ್ಕನೆ ಅವನ ಮಣಿಕಟ್ಟು ಹಿಡಿದು ಬಟ್ಟಲನ್ನು ತಿರುಗಿಸಿಯೇ ಬಿಟ್ಟರು. ಉಪ್ಪು ಅಷ್ಟೂ ನನ್ನ ಪಾಯಸಕ್ಕೆ.

"ನಂದೇ!" ಎಂದರು, ಇಡೀ ಪಂಕ್ತಿಗೆ ಕೇಳುವ ಹಾಗೆ.

ಅವರದ್ದೇ ಆಗಿತ್ತು. ನಮ್ಮ ಮನೆಯಿಂದ ದೊಡ್ಡಮ್ಮನ ಮನೆಗೆ ಹೋಗಿ, ಅಲ್ಲಿಂದ ಅಡುಗೆಯವರ ಕೈ ಸೇರಿತ್ತು. ವಾಪಸ್ ಕೊಡುವಾಗ ದೊಡ್ಡಮ್ಮ ಅದರಲ್ಲಿ ಎರಡು ಲಾಡು ಇಟ್ಟೇ ಕೊಟ್ಟರು. ಕದ್ದ ಮಾಲಿಗೂ ಕಾನೂನು ಒಂದೇ.

ಮೊನ್ನೆ ಸಂಕ್ರಾಂತಿಗೆ ಮುಂಚೆ ಅತ್ತೆ ನಮ್ಮ ಮನೆಗೆ ಬಂದರು. ಎಪ್ಪತ್ತೆಂಟು ವಯಸ್ಸು, ಎಳ್ಳಿಗೆ ಬೇಕಾದ ಕೊಬ್ಬರಿ ತಾವೇ ಹೆಚ್ಚಿ, ಬಿಸಿಲಲ್ಲಿ ಒಣಗಿಸಿ ತಂದಿದ್ದರು. ಪುಟ್ಟ ಪುಟ್ಟ ಚೂರು, ಎಲ್ಲ ಒಂದೇ ಅಳತೆ. ಕಾಫಿ ಮಾಡೋಣ ಅಂದರೆ ಗ್ಯಾಸ್ ಖಾಲಿ. ಪರವಾಗಿಲ್ಲ, ಹೊಸ ಇಂಡಕ್ಷನ್ ಒಲೆ ಇದೆಯಲ್ಲ ಅಂತ ಹೆಂಡತಿ ಹಾಲಿನ ಪಾತ್ರೆ ಇಟ್ಟಳು. ಒಲೆ ಪೀಂ ಪೀಂ ಅಂದು ಆರಿಹೋಯಿತು. ಬೇರೆ ಪಾತ್ರೆ ಇಟ್ಟಳು. ಪೀಂ ಪೀಂ. ಪೀತಿಯ ಅತೆಯಿದ ಬಂದ ಪಾತ್ರೆ ಇಟ್ಟಳು. ಅದಕ್ಕೂ ಅದೇ.

"ಏನಮ್ಮಾ ಅದಕ್ಕೆ ರೋಗ?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಕ್ಯಾಲೆಂಡರ್ ನೋಡಿದೆ. ಹೇಳಲೇಬೇಕಾಯಿತು. ಈ ಒಲೆಯಲ್ಲಿ ಬೆಂಕಿ ಇಲ್ಲ ಅತ್ತೆ, ಒಳಗಿನ ಸುರುಳಿಯ ಕಾಂತಶಕ್ತಿಯಿಂದ ಪಾತ್ರೆಯ ತಳವೇ ಕಾಯಬೇಕು, ಹಾಗಾಗಿ ಅಯಸ್ಕಾಂತ ಹಿಡಿಯುವ ಪಾತ್ರೆಯೇ ಆಗಬೇಕು.

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪರ್ಸಿನಿಂದ ಬಿಲ್ಲೆ ತೆಗೆದು ಒಂದೊಂದೇ ಪಾತ್ರೆಯ ತಳಕ್ಕೆ ಇಟ್ಟರು. ಎಲ್ಲದರಿಂದಲೂ ಜಾರಿ ಬಿತ್ತು. ಇಡೀ ಮನೆಯಲ್ಲಿ ಒಂದೂ ಕಳಪೆ ಪಾತ್ರೆ ಇರಲಿಲ್ಲ. ಅವರೇ ನಲವತ್ತು ವರ್ಷ ಆರಿಸಿ ಆರಿಸಿ ತುಂಬಿಸಿದ ಮನೆ.

"ಅಂದ್ರೆ ಇದು ಕೇಳ್ತಾ ಇರೋದು ಕಳಪೆ ಪಾತ್ರೆ" ಎಂದರು. "ಎಷ್ಟು ಕೊಟ್ಟೆ ಈ ಒಲೆಗೆ?"

ನಾನು ಅರ್ಧ ಬೆಲೆ ಹೇಳಿದೆ. ಅದಕ್ಕೂ ಬೈದರು. ಕಾಫಿ ಪಕ್ಕದ ಮನೆಯಲ್ಲಿ ಕುಡಿದೆವು. ಬರುವಾಗ ಅವರ ಲೋಟಗಳ ತಳವನ್ನೂ ಪರೀಕ್ಷಿಸಿ ಬಂದರು.

ಹದಿನೈದು ದಿನಕ್ಕೆ ಅರಸೀಕೆರೆ ಚಿಕ್ಕಪ್ಪನ ಕೈಯಲ್ಲಿ ಒಂದು ಹೊಸ ಪಾತ್ರೆ ಬಂತು, ಒಳಗೆ ಕೊಬ್ಬರಿ ಮಿಠಾಯಿ. ಒಲೆ ಮೇಲೆ ಇಟ್ಟರೆ ತುಟಿಪಿಟಿಕ್ ಅನ್ನದೆ ಕಾಯಿತು. ಅಂಗಡಿಯಲ್ಲಿ ಅತ್ತೆ "ಹಿಡಿಯೋದೇ ಕೊಡಪ್ಪ" ಅಂದಾಗ ಅಂಗಡಿಯವನು ಕೂತಲ್ಲಿಂದ ಎದ್ದು ನಿಂತನಂತೆ. ಮುಚ್ಚಳದ ಮೇಲೆ ಅಭ್ಯಾಸಬಲದಿಂದ ಅತ್ತೆಯ ಹೆಸರು ಹುಡುಕಿದೆ. ಇರಲಿಲ್ಲ. ನನ್ನ ಹೆಸರಿತ್ತು. ಫೋನ್ ಮಾಡಿದೆ.

"ಅಯಸ್ಕಾಂತ ಹಿಡಿಯೋ ಪಾತ್ರೆ ಮೇಲೆ ನನ್ನ ಹೆಸರು ಹಾಕಿಸ್ತೀನೇನೋ?" ಎಂದರು. "ನೀನೇ ಇಟ್ಕೋ. ವಾಪಸ್ ಬೇಡ."

ಫೋನ್ ಇಟ್ಟು ಮತ್ತೊಮ್ಮೆ ಮುಚ್ಚಳ ನೋಡಿದೆ. ನನ್ನ ಹೆಸರಿನಲ್ಲಿ ಎರಡು ಒತ್ತಕ್ಷರ ಬರುತ್ತವೆ. ಎರಡೂ ಇದ್ದವು.