ಝೂಮ್ ಅಲ್ಲದ ಝೂಮ್

ಕೆಲವು ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ) ಕ್ಯಾಮೆರಾಗಳಿಗೆ ಡಿಜಿಟಲ್ ಝೂಮ್ ಯಾಕಾದರೂ ಕೊಡುತ್ತಾರೋ! ಮೊನ್ನೆ ದೂರದ ಕೊಂಬೆಯ ಮೇಲಿದ್ದ ಹಕ್ಕಿಯನ್ನು ಅದನ್ನೇ ನಂಬಿ ಕ್ಲಿಕ್ಕಿಸಿದೆ. ದೊಡ್ಡ ಪರದೆಯಲ್ಲಿ ನೋಡಿದರೆ ಗರಿಗಳೇ ಇಲ್ಲ, ಬರೀ ಬಣ್ಣದ ಮುದ್ದೆ. ಹೊಟ್ಟೆ ಉರಿಯಿತು.

ಡಿಜಿಟಲ್ ಝೂಮ್‌ನಲ್ಲಿ ಲೆನ್ಸ್‌ನೊಳಗೆ ಒಂದು ಗಾಜೂ ಅಲುಗುವುದಿಲ್ಲ. ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. 24 ಮೆಗಾಪಿಕ್ಸೆಲ್‌ನಲ್ಲಿ 2 ಪಟ್ಟು ಝೂಮ್ ಮಾಡಿದರೆ ನಿಜವಾಗಿ ಉಳಿಯುವುದು 6, 4 ಪಟ್ಟಿಗೆ ಬರೀ 1.5. ಈ ಕತ್ತರಿ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ, ಬೇಕಾದ ಚೌಕಟ್ಟು ಆರಿಸಿಕೊಂಡು, ನಾನೇ ಮಾಡುತ್ತಿದ್ದೆನಲ್ಲ! ಈಗ ಅಂಚಿನಲ್ಲಿದ್ದದ್ದೆಲ್ಲ ಹೋಯಿತು. ಫೋಕಸ್ ಪರೀಕ್ಷಿಸಲು ಲೈವ್ ವ್ಯೂನಲ್ಲಿ (ಕ್ಲಿಕ್ಕಿಸುವ ಮೊದಲು ಕ್ಯಾಮೆರಾದ ಪರದೆಯಲ್ಲಿ ಕಾಣುವ ನೇರ ದೃಶ್ಯದಲ್ಲಿ) ಹಿಗ್ಗಿಸಿ ನೋಡುವುದು ಬೇರೆ, ಅದು ನಿಜಕ್ಕೂ ಉಪಕಾರಿ, ಚಿತ್ರವನ್ನು ಮುಟ್ಟುವುದಿಲ್ಲ. ಡಿಜಿಟಲ್ ಝೂಮನ್ನು ಮಾತ್ರ ಝೂಮ್ ಎಂದು ಕರೆಯುವುದೇ ಮೋಸ. ಆ ಹಕ್ಕಿ ಮತ್ತೆ ಆ ಕೊಂಬೆಗೆ ಬಂದಿಲ್ಲ.